ಹತ್ತೊಂಬತ್ತು ಉತ್ತರಪತ್ರಿಕೆ, ಒಂದೇ ಬೂದು ಕಡಲು

ಹೊಸದಾಗಿ ಇಂಗ್ಲಿಷ್ ಲೆಕ್ಚರರ್ ಆಗಿ ಸೇರಿದವರು ಆಗಾಗ ನನ್ನನ್ನು ಕಾಣಲು ಬರುತ್ತಾರೆ. ಕುಶಲ ಕೇಳುತ್ತಾರೆ, ಮೊಣಕಾಲು ನೋವು ಹೇಗಿದೆ ಎನ್ನುತ್ತಾರೆ. ಚಹಾ ಅರ್ಧ ಕಪ್ಪಿಗೆ ಇಳಿಯುವಷ್ಟರಲ್ಲಿ ನಿಜವಾದ ಮಾತು ಹೊರಬೀಳುತ್ತದೆ. "ಮೇಡಂ, ನಿಮ್ಮ ಹಳೇ ನೋಟ್ಸ್ ಇನ್ನೂ ಇಟ್ಟೀರೇನ್ರಿ?"

ಇಟ್ಟಿದ್ದೇನೆ. ನೀಲಿ ರಟ್ಟಿನ ಉದ್ದನೆಯ ನೋಟ್‌ಬುಕ್ಕು, ಟ್ರಂಕಿನಲ್ಲಿ ಸೀರೆಗಳ ಕೆಳಗಿದೆ. ಆದರೆ ಯಾರಿಗೂ ಕೊಡುವುದಿಲ್ಲ. ಮುದುಕಿ ಜಿಪುಣಿ ಎಂದುಕೊಂಡು ಹೋಗುತ್ತಾರೆ. ಆ ನೋಟ್‌ಬುಕ್ಕು ಏನು ಮಾಡಿತು ಎಂಬುದನ್ನು ಎದುರಿಗೆ ಕುಳಿತು ಹೇಳಲು ನನಗೆ ಇವತ್ತಿಗೂ ಸಂಕೋಚ. ಆದ್ದರಿಂದ ಬರೆಯುತ್ತಿದ್ದೇನೆ. ನನಗೆ ಯಾವಾಗ ಯಾವ ಗ್ರೇಡ್ ಸಿಕ್ಕಿತು ಎಂಬುದೆಲ್ಲ ಸರ್ವಿಸ್ ಬುಕ್ಕಿನಲ್ಲಿದೆ. ಇದು ಅದರಲ್ಲಿಲ್ಲ.

ನನ್ನ ಮೊದಲ ಕೆಲಸ ಇಂಡಿ ಊರಿನ ಕಾಲೇಜಿನಲ್ಲಿ. ಕಾನ್ವೆಂಟಿನಲ್ಲಿ ಓದಿದವಳು, ಇಸ್ತ್ರಿ ಮಾಡಿದ ಕಾಟನ್ ಸೀರೆ, ಇಸ್ತ್ರಿ ಮಾಡಿದಂಥ ಇಂಗ್ಲಿಷು. ಮೊದಲ ದಿನ ನಲವತ್ತು ನಿಮಿಷ ಒಂದೇ ಒಂದು ಕನ್ನಡ ಪದ ಬಳಸದೆ ಮಾತಾಡಿದೆ. ಕ್ಲಾಸು ಎಷ್ಟು ಶಾಂತವಾಗಿತ್ತೆಂದರೆ ನನಗೇ ನನ್ನ ಮೇಲೆ ಹೆಮ್ಮೆ ಬಂತು. ಕೊನೆಗೆ, ಎನಿ ಡೌಟ್ಸ್? ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ.

"ಭಾಳ ಚಂದ ಮಾತಾಡಿದ್ರಿ ಮೇಡಂ. ಇನ್ನ ಪಾಠ ಶುರು ಮಾಡ್ರಿ."

ಅವನು ಕುಚೋದ್ಯ ಮಾಡಿದ್ದಲ್ಲ. ಪಾಠ ಎಂದರೆ ಬರೆಸುವುದು ಎಂದು ಅವನು ತಿಳಿದಿದ್ದ. ಪೆನ್ನಿನ ಟೋಪಿ ತೆಗೆದುಕೊಂಡೇ ಕುಳಿತಿದ್ದ ಪಾಪ. ಮರುದಿನದಿಂದ ನಾನೂ ಬರೆಸಲು ಶುರುಮಾಡಿದೆ. "ಬರಕೋರಿ" ಎಂದರೆ ಸಾಕು, ಎಪ್ಪತ್ತು ತಲೆ ಒಟ್ಟಿಗೆ ಬಗ್ಗುತ್ತಿದ್ದವು. ಆ ಸುಖವನ್ನು ಅನುಭವಿಸದವರಿಗೆ ವಿವರಿಸುವುದು ಕಷ್ಟ. ಮುದ್ದೇಬಿಹಾಳಕ್ಕೆ ವರ್ಗವಾದ ಮೇಲೆ ಅಲ್ಲಿಯ ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಬಸ್ ಸ್ಟ್ಯಾಂಡಿನ ಬಳಿಯ ಝೆರಾಕ್ಸ್ ಅಂಗಡಿಗೆ ಕರೆದುಕೊಂಡು ಹೋಗಿ ತೋರಿಸಿದರು. "ನೋಡ್ರಿ, ಯಾರ ನೋಟ್ಸ್ ಇಲ್ಲಿ ಸಿಗತಾವೋ ಅವರ ಖರೇ ಲೆಕ್ಚರರ್." ಎರಡನೇ ವರ್ಷ ನನ್ನ ನೋಟ್ಸೂ ಅಲ್ಲಿ ಸಿಗತೊಡಗಿತು. ಆ ಸಂಜೆ ಮನೆಯಲ್ಲಿ ಶ್ಯಾವಿಗೆ ಪಾಯಸ ಮಾಡಿದ್ದೆ ಎಂದರೆ ನಂಬುತ್ತೀರಾ?

ಸಿಂದಗಿಯ ಕಾಲೇಜಿಗೆ ಬಂದದ್ದು ಆಮೇಲೆ, ತೊಂಬತ್ತರ ದಶಕದ ಶುರುವಿನಲ್ಲಿ. ಬಿ.ಎ. ಕೊನೆಯ ವರ್ಷಕ್ಕೆ ಆಪ್ಶನಲ್ ಇಂಗ್ಲಿಷ್ ಇತ್ತು. ಎರಡು ಕಾದಂಬರಿಗಳು, ಮತ್ತು ಪ್ರತಿ ವರ್ಷ ತಪ್ಪದೆ ಬರುತ್ತಿದ್ದ ಒಂದು ಪ್ರಶ್ನೆ: ಈ ಎರಡರಲ್ಲಿಯ ದ್ರೋಹ ಮತ್ತು ಪ್ರಾಯಶ್ಚಿತ್ತವನ್ನು ಹೋಲಿಸಿ ಬರೆಯಿರಿ. ಹದಿನಾರು ಮಾರ್ಕಿನದು.

ಕಾದಂಬರಿಗಳ ಹೆಸರು ಇಲ್ಲಿ ಬೇಡ, ಕಥೆ ಸಾಕು. ಮೊದಲನೆಯದು ಇಂಗ್ಲೆಂಡಿನ ಒಂದು ಬಂದರಿನ ಊರಿನದು. ಒಬ್ಬ ಗುಮಾಸ್ತ ತನ್ನ ಕೆಲಸ ಉಳಿಸಿಕೊಳ್ಳಲು ಗೆಳೆಯನ ವಿರುದ್ಧ ಸುಳ್ಳು ಸಾಕ್ಷಿ ಹೇಳುತ್ತಾನೆ. ಗೆಳೆಯನಿಗೆ ಗಡಿಪಾರು. ವರ್ಷಗಳ ನಂತರ ಗುಮಾಸ್ತ ತಪ್ಪೊಪ್ಪಿಕೊಂಡು ಗೆಳೆಯನ ತಂಗಿಗೆ ಪತ್ರ ಬರೆಯುತ್ತಾನೆ. ಎರಡನೆಯದು ನಮ್ಮ ದೇಶದ್ದೇ. ಚಳವಳಿಯ ಕಾಲದಲ್ಲಿ ಅಣ್ಣನೊಬ್ಬ ತಮ್ಮ ಅಡಗಿದ್ದ ಜಾಗವನ್ನು ಪೊಲೀಸರಿಗೆ ತಿಳಿಸುತ್ತಾನೆ. ತಮ್ಮ ಸತ್ತ ಮೇಲೆ ಅವನ ಮಗಳನ್ನು ಸ್ವಂತ ಮಗಳಂತೆ ಸಾಕುತ್ತಾನೆ. ನಿನ್ನ ಅಪ್ಪನನ್ನು ಹಿಡಿದುಕೊಟ್ಟವನು ನಾನೇ ಎಂದು ಮಾತ್ರ ಅವಳಿಗೆ ಸಾಯುವತನಕ ಹೇಳುವುದಿಲ್ಲ.

ಮೊದಲನೆಯ ಕಾದಂಬರಿ ಸಿಲೆಬಸ್ಸಿನಲ್ಲಿ ಕಂಡಾಗ ನನಗೆ ಹಳೆಯ ಗೆಳತಿ ಸಿಕ್ಕಷ್ಟು ಸಂತೋಷವಾಗಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಅಗಾಥಾ ನಮಗೆ ಅದನ್ನೇ ಕಲಿಸಿದ್ದರು. ಅವರು ಬರೆಸಿದ್ದ ನೋಟ್ಸ್ ನನ್ನಲ್ಲಿತ್ತು, ನೀಲಿ ರಟ್ಟಿನದು. ಅದರ ಕೊನೆಯ ವಾಕ್ಯ ನನಗೆ ಬಾಯಿಪಾಠ. ಆ ತಂಗಿ ಪತ್ರವನ್ನು ಓದದೆಯೇ ಬೂದು ಬಣ್ಣದ ಕಡಲಿಗೆ ಎಸೆದಳು, ಅದರೊಂದಿಗೆ ಅವನ ಕೊನೆಯ ಆಸೆಯನ್ನೂ. ಅದರ ಮುಂದೆ ಹೋಲಿಕೆಗೆಂದು ನಾನು ಸೇರಿಸಿದ್ದು ಇಷ್ಟೇ: ಆದ್ದರಿಂದ ಗುಮಾಸ್ತನಿಗೆ ಬಿಡುಗಡೆಯಿಲ್ಲ, ಮಗುವನ್ನು ಸಾಕಿದ ಅಣ್ಣನಿಗೆ ಬಿಡುಗಡೆಯಿದೆ. ಸಿಸ್ಟರ್ ಇಂಗ್ಲಿಷಿನಲ್ಲಿ ಆ ಕಡಲಿನ ವಾಕ್ಯವನ್ನು ಓದಿ ಹೇಳುವಾಗ ನಾವು ಹುಡುಗಿಯರು ಅಳುತ್ತಿದ್ದೆವು. ಸಿಂದಗಿಯಲ್ಲಿ ನಾನು ಅದೇ ವಾಕ್ಯವನ್ನು ಅದೇ ಧ್ವನಿಯಲ್ಲಿ ಆರು ವರ್ಷ ಬರೆಸಿದೆ.

ಆರನೇ ವರ್ಷದ ಹತ್ತೊಂಬತ್ತು ಮಂದಿಯಲ್ಲಿ ನೀಲಮ್ಮ ಒಬ್ಬಳು. ದೇವರ ಹಿಪ್ಪರಗಿಯಿಂದ ದಿನಾ ಬಸ್ಸಿನಲ್ಲಿ ಬರುವವಳು. ತಾಯಿ ಅಲ್ಲಿಯ ಹಾಸ್ಟೆಲ್ಲೊಂದರಲ್ಲಿ ಅಡುಗೆ ಮಾಡುತ್ತಿದ್ದಳು, ತಂದೆ ಇರಲಿಲ್ಲ. ಮಗಳು ಬಿ.ಎಡ್. ಮಾಡಿ ಸಾಲಿ ಟೀಚರ್ ಆಗಬೇಕೆಂಬುದು ಆ ಮನೆಯ ಒಂದೇ ಲೆಕ್ಕಾಚಾರ. ನೀಲಮ್ಮ ಜಾಸ್ತಿ ಮಾತಾಡುತ್ತಿರಲಿಲ್ಲ. ಬರೆದುಕೊಳ್ಳುವಾಗ ಮಾತ್ರ ನಡುನಡುವೆ ತಲೆಯೆತ್ತಿ ನನ್ನನ್ನು ನೋಡುತ್ತಿದ್ದಳು. ನನಗೆ ಅದು ಇರಿಟೇಟ್ ಆಗುತ್ತಿತ್ತು.

ಪ್ರಿಲಿಮಿನರಿ ಪರೀಕ್ಷೆಯಲ್ಲಿ ಅವಳ ಉತ್ತರ ಬೇರೆಯೇ ಇತ್ತು. ತಂಗಿ ಪತ್ರವನ್ನು ಕಡಲಿಗೆ ಎಸೆದದ್ದು ಹೌದು, ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ, ಗುಮಾಸ್ತ ತಾನೇ ಕೋರ್ಟಿಗೆ ಹೋಗಿ ನಿಂತು ನಾನು ಸುಳ್ಳು ಹೇಳಿದ್ದೆ ಎಂದು ಹೇಳುತ್ತಾನೆ ಎಂದು ಬರೆದಿದ್ದಳು. ಅವಳ ಇಂಗ್ಲಿಷು ಅಲ್ಲಲ್ಲಿ ಕುಂಟುತ್ತಿತ್ತು, ಅರ್ಥ ಕುಂಟುತ್ತಿರಲಿಲ್ಲ. ಪತ್ರವನ್ನು ಎಸೆಯಬಹುದು, ಎದುರಿಗೆ ನಿಂತ ಮನುಷ್ಯನನ್ನು ಎಸೆಯಲು ಬರುವುದಿಲ್ಲ, ಅದಕ್ಕೇ ಅವನು ಹೋದ. ಇನ್ನು ಎರಡನೆಯ ಕಾದಂಬರಿಯ ಅಣ್ಣ ಒಳ್ಳೆಯದನ್ನೆಲ್ಲ ಮಾಡಿದ, ಸತ್ಯ ಒಂದನ್ನು ಬಿಟ್ಟು. ನೆಮ್ಮದಿ ಅವನಿಗೆ ಸಿಕ್ಕಿತು, ಮಗಳಿಗೆ ಏನೂ ಸಿಗಲಿಲ್ಲ. ಹೀಗಿತ್ತು ಅವಳ ಹೋಲಿಕೆ.

ನಾನು ಕೆಂಪು ಇಂಕಿನಲ್ಲಿ ಆ ಪ್ಯಾರಾಗಳ ಮೇಲೆ ಅಡ್ಡ ಗೀಟು ಎಳೆದೆ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಇದು ನೋಟ್ಸಿನಲ್ಲಿಲ್ಲ. ಪತ್ರ ಕಡಲಿಗೆ ಬಿದ್ದಲ್ಲಿಗೆ ಕಥೆ ಮುಗಿಯಿತು. ಸರಿಯಾಗಿ ಕಲಿ. ಹದಿನಾರಕ್ಕೆ ಮೂರು ಕೊಟ್ಟು ಕೆಳಗೆ ಸಹಿ ಹಾಕಿದೆ.

ಅವಳು ಸ್ಟಾಫ್ ರೂಮಿಗೆ ಬಂದಳು. ಕೈಯಲ್ಲಿ ಲೈಬ್ರರಿಯ ಪುಸ್ತಕ.

"ಮೇಡಂ, ಇದು ಪುಸ್ತಕದಾಗ ಐತ್ರಿ. ಕಡೀ ಎರಡು ಚಾಪ್ಟರಿನ್ಯಾಗ. ಹಾಳಿ ಒಂದಕ್ಕೊಂದು ಹತ್ತಿದ್ವು, ನಾನ ಹೇರ್‌ಪಿನ್ನಿಲೆ ಬಿಡಿಸೀನ್ರಿ."

ಪ್ರೆಸ್ಸಿನಲ್ಲಿ ಕತ್ತರಿಸದೆ ಬಿಟ್ಟ ಹಾಳೆಗಳು. ಆ ಪುಸ್ತಕ ಕಾಲೇಜಿಗೆ ಬಂದ ದಿನದಿಂದ ಆ ಹಾಳೆಗಳತನಕ ಯಾರೂ ಹೋಗಿರಲಿಲ್ಲ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ನಾನೂ ಹೋಗಿರಲಿಲ್ಲ. ಅವಳು ಪುಸ್ತಕ ತೆರೆದು ಮುಂದಕ್ಕೆ ಹಿಡಿದಳು. ನಾನು ನೋಡಲಿಲ್ಲ. ನನಗೆ ಬೆಲ್ ಆಗಿತ್ತು, ಅಥವಾ ಆಗಿದೆ ಎಂದುಕೊಂಡೆ.

"ಪುಸ್ತಕ ಇರ್ಲಿ ನೀಲಮ್ಮ. ಪೇಪರ್ ನೋಡಾವ್ರಿಗೆ ಏನ ಬೇಕು ಅಂತ ನನಗ ಗೊತ್ತೈತಿ. ಯುನಿವರ್ಸಿಟಿ ಪರೀಕ್ಷಾದಾಗ ನಾ ಬರಸಿದ್ದ ಬರೀ."

"ಖರೇ ಯಾವುದ್ರಿ ಹಂಗಾರ?"

"ಮಾರ್ಕ್ಸ್ ಬೇಕೋ, ಖರೇ ಬೇಕೋ?"

ಅವಳು ಪುಸ್ತಕ ಮುಚ್ಚಿದಳು. "ಮಾರ್ಕ್ಸ್ ಬೇಕ್ರಿ" ಎಂದು ಹೇಳಿ ಹೋದಳು.

ಆ ರಾತ್ರಿ ಮನೆಯಲ್ಲಿ ಕುಳಿತು ನಾನು ಆ ಎರಡು ಅಧ್ಯಾಯ ಓದಿದೆ ಎಂದು ಬರೆಯಲು ಆಸೆಯಾಗುತ್ತದೆ. ಓದಲಿಲ್ಲ.

ಪರೀಕ್ಷೆ ಆಯಿತು. ಜೂನಿನಲ್ಲಿ ರಿಸಲ್ಟ್ ಬಂತು, ನನ್ನ ಹತ್ತೊಂಬತ್ತು ಮಂದಿಯದು ಬರಲಿಲ್ಲ. ತಡೆಹಿಡಿಯಲಾಗಿದೆ, ಸಾಮೂಹಿಕ ನಕಲಿನ ಸಂಶಯ ಎಂದು ಪತ್ರ ಬಂತು. ಪೇಪರ್ ವ್ಯಾಲ್ಯುಯೇಶನ್ ಮಾಡಿದವರು ಹತ್ತೊಂಬತ್ತು ಉತ್ತರಪತ್ರಿಕೆಗಳಲ್ಲಿ ಒಂದೇ ಉತ್ತರವನ್ನು ಕಂಡಿದ್ದರು, ಕಾಮಾ ಸಮೇತ ಒಂದೇ. ಅವರು ಕಾದಂಬರಿಯನ್ನು ಕೊನೆಯವರೆಗೆ ಓದಿದ್ದ ಅಪರೂಪದ ಮನುಷ್ಯರು. ತಪ್ಪು ಒಂದೇ ಥರ ಇದೆಯೆಂದರೆ ಪರೀಕ್ಷೆಯ ಕೋಣೆಯೊಳಗೆ ಒಂದೇ ಚೀಟಿ ತಿರುಗಾಡಿದೆ ಎಂಬುದು ಅವರ ತೀರ್ಮಾನ. ಸಾಬೀತಾದರೆ ಹುಡುಗರು ವರ್ಷಗಟ್ಟಲೆ ಪರೀಕ್ಷೆಗೆ ಕೂಡುವಂತಿಲ್ಲ. ನೀಲಮ್ಮನ ಬಿ.ಎಡ್. ಅರ್ಜಿಗೆ ಉಳಿದದ್ದು ಎರಡೇ ತಿಂಗಳು.

ಕ್ಲಾಸಿನ ಪರವಾಗಿ ಅವಳೇ ಯುನಿವರ್ಸಿಟಿಗೆ ಬರೆದಳು: ನಾವು ನಕಲು ಮಾಡಿಲ್ಲ, ನಮ್ಮ ಮೇಡಂ ಬರೆಸಿದ ನೋಟ್ಸ್ ಬಾಯಿಪಾಠ ಮಾಡಿದ್ದೇವೆ. ಯುನಿವರ್ಸಿಟಿಯವರು ಕಾಲೇಜನ್ನು ಕೇಳಿದರು, ಇದು ನಿಜವೇ?

ನಮ್ಮ ಪ್ರಿನ್ಸಿಪಾಲರು ಕೆಟ್ಟವರಲ್ಲ. ಅಂಜುಬುರುಕರು, ಅಷ್ಟೇ. ಉತ್ತರವನ್ನು ಟೈಪ್ ಮಾಡಿಸಿ ಮೇಜಿನ ಮೇಲೆ ಇಟ್ಟಿದ್ದರು. ಕಾಲೇಜಿನಲ್ಲಿ ನೋಟ್ಸ್ ಬರೆಸುವ ಪದ್ಧತಿಯಿಲ್ಲ, ಮೂಲ ಪಠ್ಯವನ್ನೇ ಬೋಧಿಸಲಾಗುತ್ತದೆ.

"ನೋಟ್ಸ್ ಬರಸಬಾರದು ಅಂತ ಸರ್ಕ್ಯುಲರ್ ಐತಿ ಮೇಡಂ. ಬರಸ್ತೀವಿ ಅಂತ ನಾವ ಒಪ್ಪಿಕೊಂಡ್ರ, ಇಪ್ಪತ್ತು ವರ್ಷದ ನಿಮ್ಮ ಹೆಸರು ಏನಾಗ್ತದ? ಕಾಲೇಜಿನ ಹೆಸರು ಏನಾಗ್ತದ?"

"ಹುಡುಗ್ರು ಸರ್?"

"ಸಣ್ಣ ವಯಸ್ಸು. ಮತ್ತ ಕೂಡ್ತಾರ, ಪಾಸಾಗ್ತಾರ. ಸಹಿ ಮಾಡ್ರಿ."

ಮಾಡಿದೆ. ಕಾನ್ವೆಂಟಿನಲ್ಲಿ ಕಲಿತ ಸಹಿ, ಓರೆಯಾಗಿ, ಸುಂದರವಾಗಿ. ಎರಡು ಕಾದಂಬರಿಗಳಲ್ಲಿಯ ದ್ರೋಹವನ್ನು ಆರು ವರ್ಷ ವಿಶ್ಲೇಷಿಸಿದವಳಿಗೆ, ತಾನು ಈಗ ಮಾಡಿದ್ದಕ್ಕೆ ಅದೇ ಹೆಸರು ಎಂದು ಆ ಮೇಜಿನ ಮುಂದೆ ಹೊಳೆಯಲಿಲ್ಲ. ನಾನು ಮನಸ್ಸಿನಲ್ಲಿ ಒಂದು ಏರ್ಪಾಟು ಮಾಡಿಕೊಂಡಿದ್ದೆ. ಮುಂದಿನ ಪರೀಕ್ಷೆಗೆ ಹತ್ತೊಂಬತ್ತೂ ಮಂದಿಗೆ ಮನೆಯಲ್ಲೇ ಪಾಠ ಹೇಳುತ್ತೇನೆ, ಪುಸ್ತಕ ಕೊಡಿಸುತ್ತೇನೆ, ನೀಲಮ್ಮನಿಗೆ ಇನ್ನೂ ಹೆಚ್ಚು ಸಹಾಯ ಮಾಡುತ್ತೇನೆ. ಎಲ್ಲ ಸರಿಹೋಗುತ್ತದೆ.

ಒಂದು ವಾರದ ಮೇಲೆ, ಭಾನುವಾರ ಬೆಳಿಗ್ಗೆ, ನೀಲಮ್ಮ ತಾಯಿಯನ್ನು ಕರೆದುಕೊಂಡು ಮನೆಗೆ ಬಂದಳು. ಕೈಯಲ್ಲಿ ವಿಚಾರಣೆಗೆ ಬರಲು ಹೇಳಿದ ಪತ್ರ. ಅದರಲ್ಲಿ ಕಾಲೇಜಿನ ಉತ್ತರವನ್ನೂ ಸೇರಿಸಿದ್ದರು, ನೋಟ್ಸ್ ಬರೆಸಿಲ್ಲ ಎಂದು ಶಿಕ್ಷಕಿ ಲಿಖಿತವಾಗಿ ತಿಳಿಸಿದ್ದಾರೆ. ತಾಯಿ ಹೊಸ್ತಿಲ ಹೊರಗೇ ನಿಂತಳು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಅಕ್ಕೋರ, ನಾ ಓದಿದಾಕಿ ಅಲ್ಲ. ನನ್ನ ಮಗಳು ಕಳ್ಳಿ ಏನ್ರಿ? ಅಷ್ಟ ಹೇಳ್ರಿ, ಹೋಗ್ತೇನಿ."

"ಛೇ, ಹಂಗ ಯಾಕ ಅಂತೀ. ನೀಲಮ್ಮ, ಕೇಳಿಲ್ಲಿ. ನಾ ನಿಮಗೆಲ್ಲಾ ಮನ್ಯಾಗ ಪಾಠ ಹೇಳ್ತೇನಿ. ಮುಂದಿನ ಸಲ ಫಸ್ಟ್ ಕ್ಲಾಸ್ ಬರ್ತದ ನಿನಗ, ಐ ಪ್ರಾಮಿಸ್."

ನೀಲಮ್ಮ ನನ್ನನ್ನು ನೋಡಿದಳು, ಬರೆದುಕೊಳ್ಳುವಾಗ ತಲೆಯೆತ್ತಿ ನೋಡುತ್ತಿದ್ದ ಹಾಗೆಯೇ.

"ಎರಡನೇ ಕಾದಂಬರಿ ಅಣ್ಣನ ಹಂಗೇನ್ರಿ ಮೇಡಂ?"

ವಿಚಾರಣೆಯ ಪತ್ರವನ್ನು ಮಡಿಸಿದಳು.

"ನೀವು ಪಾಠ ಹೇಳ್ತೀರಿ, ನಾವು ಪಾಸೂ ಆಗ್ತೀವಿ. ಕಳ್ಳರು ಮಾತ್ರ ಕಳ್ಳರಾಗೇ ಉಳೀತೀವಿ."

ಆಮೇಲೆ ಚೀಲದಿಂದ ಒಂದು ಮಡಿಸಿದ ಪತ್ರಿಕೆ ತೆಗೆದು ಟೀಪಾಯಿಯ ಮೇಲೆ ಇಟ್ಟಳು. ಅವಳ ಪ್ರಿಲಿಮಿನರಿ ಪೇಪರು. ಕಾಲೇಜಿನ ಸೀಲು, ತಾರೀಖು, ನನ್ನ ಕೆಂಪು ಬರಹ, ನನ್ನ ಸಹಿ. ನೋಟ್ಸಿನಲ್ಲಿಲ್ಲ ಎಂಬ ನನ್ನದೇ ಮಾತು.

"ನೋಟ್‌ಬುಕ್ ತೋರಿಸಿದ್ರ, ನಿನ್ನೆ ಕುಂತು ಬರದೀರಿ ಅಂತಾರ್ರಿ. ಇದಕ್ಕ ಹಂಗ ಅನ್ನಾಕ ಬರಂಗಿಲ್ಲ. ನಾನ ಕಳಿಸಬಹುದಿತ್ತು. ನಿಮಗ ಕೇಳದ ಕಳಸೂದು ಬ್ಯಾಡ ಅಂತ ಅವ್ವ ಅಂದ್ಳು. ನೀವ ಇಟ್ಕೋರಿ."

ತಾಯಿ, ಮಗಳು ಹೋದರು. ನಾನು ಆ ಪೇಪರನ್ನು ಹರಿದು ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರಿಗೂ ಅದು ಗೊತ್ತಿತ್ತು, ಗೊತ್ತಿದ್ದೂ ಬಿಟ್ಟು ಹೋದರು. ಆ ಮಧ್ಯಾಹ್ನ, ಊಟ ಬಿಟ್ಟು, ಕಪಾಟಿನಲ್ಲಿದ್ದ ನನ್ನ ಪ್ರತಿ ತೆಗೆದು, ಕಡೆಗೂ ಆ ಎರಡು ಅಧ್ಯಾಯ ಓದಿದೆ. ನೀಲಮ್ಮ ಬರೆದದ್ದು ಅಕ್ಷರಶಃ ಸರಿ. ಸಿಸ್ಟರ್ ಅಗಾಥಾ ನಮಗೆ ಕಲಿಸಿದ್ದು ಸಣ್ಣ ಹುಡುಗಿಯರಿಗೆಂದು ಸಂಕ್ಷೇಪಿಸಿದ ಆವೃತ್ತಿ, ಅದು ಕಡಲ ದಂಡೆಯಲ್ಲಿಯೇ ಮುಗಿಯುತ್ತಿತ್ತು. ಅವರ ತಪ್ಪೇನೂ ಇಲ್ಲ. ಹದಿನೈದರ ಹುಡುಗಿಗೆ ಸಾಕೆಂದು ಅವರು ಕೊಟ್ಟದ್ದನ್ನು ನಾನು ಐವತ್ತರ ಹತ್ತಿರಕ್ಕೆ ಬಂದರೂ ದಾಟಿರಲಿಲ್ಲ.

ವಿಚಾರಣೆಯ ದಿನ ಬೆಳಗಿನ ಮೊದಲ ಬಸ್ಸಿಗೆ ಹೋದೆ. ಹತ್ತೊಂಬತ್ತು ಮಂದಿ ಅದೇ ಬಸ್ಸಿನಲ್ಲಿದ್ದರು. ಯಾರೂ ನಮಸ್ಕಾರ ಹೇಳಲಿಲ್ಲ. ಒಬ್ಬ ಹುಡುಗ ಮಾತ್ರ ಎದ್ದು ಕಿಟಕಿಯ ಸೀಟು ಬಿಟ್ಟುಕೊಟ್ಟ, ಅದೂ ಮುಖ ಆಕಡೆ ಮಾಡಿ.

ಕಮಿಟಿಯಲ್ಲಿ ಮೂವರು. ಪೇಪರ್ ನೋಡಿದವರೂ ಇದ್ದರು. ಅವರೇ ಮೊದಲು ಮಾತಾಡಿದ್ದು: "ಸಿಂದಗಿಯಾಗ ಯಾವ ಸಮುದ್ರ ಐತ್ರಿ ಮೇಡಂ, ಹತ್ತೊಂಬತ್ತು ಮಂದಿಗೂ ಒಂದ ಬಣ್ಣ ಕಾಣಾಕ?"

ಹೊರಗೆ ಪಡಸಾಲೆಯಲ್ಲಿ ಹುಡುಗರು ಕುಳಿತಿದ್ದರು. ಬಾಗಿಲು ತೆರೆದೇ ಇತ್ತು. ಮುಚ್ಚಲೇ ಎಂದು ಪ್ಯೂನ್ ಕೇಳಿದ. ಬೇಡ ಎಂದೆ.

"ಆ ಬಣ್ಣ ನಾ ಬರಸಿದ್ದು ಸರ್" ಎಂದೆ.

ಅಧ್ಯಕ್ಷರು ವಯಸ್ಸಾದ ಪ್ರೊಫೆಸರು. ಕನ್ನಡಕ ತೆಗೆದರು. "ನಿಮ್ಮ ಕಾಲೇಜಿನ ಪತ್ರ ಒಂದ ಹೇಳ್ತದ, ನೀವು ಒಂದ ಹೇಳಾಕತ್ತೀರಿ. ಯಾವುದು ಖರೇ?"

"ಪತ್ರದಾಗಿನ ಮಾತು ಸುಳ್ಳು ಸರ್. ಸಹಿ ನಂದ."

ಪ್ರಿಲಿಮಿನರಿ ಪೇಪರ್ ಮುಂದಿಟ್ಟೆ. ಮೂವರೂ ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಂಡು ಓದಿದರು. ಪೇಪರ್ ನೋಡಿದವರು ಎರಡು ಸಲ ಓದಿದರು. "ಈ ಹುಡುಗಿ ಪುಸ್ತಕ ಓದ್ಯಾಳ" ಎಂದರು, ನನಗೆ ಅಲ್ಲ, ತಮ್ಮಷ್ಟಕ್ಕೆ.

"ನೀವು ಓದಿರಲಿಲ್ಲೇನು?" ಅಧ್ಯಕ್ಷರು ಕೇಳಿದರು.

"ಕಡೀ ಎರಡು ಚಾಪ್ಟರ್ ಓದಿರಲಿಲ್ಲ ಸರ್. ಆಕಿ ತಂದು ತೋರಿಸಿದಾಗೂ ಓದಲಿಲ್ಲ. ನಾ ಬರಸಿದ್ದ ಬರೀ ಅಂದೆ. ಆಕಿ ಬರದ್ಲು."

ಹೇಳುವಾಗ ನನ್ನ ಧ್ವನಿ ನಡುಗಲಿಲ್ಲ. ಅದು ಧೈರ್ಯವಲ್ಲ. ಇಪ್ಪತ್ತು ವರ್ಷ ಕೊನೆಯ ಬೆಂಚಿಗೆ ಕೇಳುವಂತೆ ಮಾತಾಡಿದ ಅಭ್ಯಾಸ.

ಹದಿನೈದು ದಿನದಲ್ಲಿ ರಿಸಲ್ಟ್ ಬಿಟ್ಟರು. ನನ್ನನ್ನು ಮೂರು ವರ್ಷ ಪ್ರಶ್ನೆಪತ್ರಿಕೆ ತೆಗೆಯುವ, ಉತ್ತರಪತ್ರಿಕೆ ನೋಡುವ ಕೆಲಸದಿಂದ ದೂರವಿಟ್ಟರು. ಕಾಲೇಜಿಗೆ ಖಾರವಾದ ಪತ್ರ ಬಂತು. ಪ್ರಿನ್ಸಿಪಾಲರು ನಿವೃತ್ತರಾಗುವವರೆಗೆ ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ಅದು ನ್ಯಾಯವೇ. ಆದರೆ ನೀವು ಸಿನಿಮಾದಂತೆ ಎಲ್ಲ ಸುಖಾಂತವಾಯಿತು ಎಂದುಕೊಳ್ಳಬೇಡಿ. ತಪ್ಪು ಉತ್ತರಕ್ಕೆ ತಪ್ಪು ಉತ್ತರದ ಮಾರ್ಕೇ ಸಿಕ್ಕಿತು. ನೀಲಮ್ಮನಿಗೆ ನಾಲ್ಕು ಮಾರ್ಕಿನಿಂದ ಫಸ್ಟ್ ಕ್ಲಾಸ್ ತಪ್ಪಿತು. ಅರ್ಜಿ ಹಾಕಿದಳು, ಆ ವರ್ಷ ಬಿ.ಎಡ್. ಸೀಟು ಸಿಗಲಿಲ್ಲ, ಮರುವರ್ಷ ಸಿಕ್ಕಿತಂತೆ. ಆ ಒಂದು ವರ್ಷ ಅವಳು ತಾಯಿಯ ಜೊತೆ ಹಾಸ್ಟೆಲ್ಲಿನಲ್ಲಿ ರೊಟ್ಟಿ ಬಡಿದಳು ಎಂದು ಕೇಳಿದೆ. ಆ ವರ್ಷವನ್ನು ಅವಳಿಗೆ ತಿರುಗಿ ಕೊಡಲು ನನ್ನಿಂದಾಗಲಿಲ್ಲ.

ಮೂಲ ಪೇಪರು ಕಮಿಟಿಯ ಫೈಲಿನಲ್ಲಿ ಉಳಿಯಿತು. ನನಗೆ ಝೆರಾಕ್ಸ್ ಕೊಟ್ಟರು. ಅದರಲ್ಲಿ ನನ್ನ ಕೆಂಪು ಇಂಕೂ ಅವಳ ನೀಲಿ ಇಂಕಿನಷ್ಟೇ ಕಪ್ಪು. ಅದನ್ನು ನೀಲಿ ರಟ್ಟಿನ ನೋಟ್‌ಬುಕ್ಕಿನೊಳಗೆ ಇಟ್ಟಿದ್ದೇನೆ.

ಆಮೇಲೆ ನಾನು ಬರೆಸುವುದನ್ನು ಬಿಟ್ಟೆ. ಮೊದಲ ವರ್ಷ ದೊಡ್ಡ ಅನಾಹುತ. ಪುಸ್ತಕ ತೆರೆದು ಒಬ್ಬೊಬ್ಬರಿಂದ ಒಂದೊಂದು ಪುಟ ಓದಿಸಿದರೆ ಹುಡುಗರು ಅರ್ಧಕ್ಕೆ ಎದ್ದುಹೋಗಿ ಬೇರೆ ಕಾಲೇಜಿನ ಗೈಡು ತಂದುಕೊಂಡರು. "ಮೇಡಂ ಈಗ ಏನೂ ಕಲಸಂಗಿಲ್ಲ, ಬರೇ ಪ್ರಶ್ನಾ ಕೇಳ್ತಾರ" ಎಂದು ದೂರು ಹೋಯಿತು. ರಿಸಲ್ಟ್ ಕಡಿಮೆಯಾಯಿತು, ಹೌದು. ಮತ್ತೆ ಮೇಲಕ್ಕೆ ಬರಲು ಮೂರು ನಾಲ್ಕು ವರ್ಷ ಹಿಡಿಯಿತು. ಆದರೆ ಒಂದು ಸಲ ಹಿಂದಿನ ಬೆಂಚಿನವನೊಬ್ಬ ಎದ್ದು, "ಮೇಡಂ, ನೀವು ಹೇಳಿದ್ದು ತಪ್ಪೈತಿ, ಆತ ಮದಲ ಹೆದರಿದ್ದ, ಆಮ್ಯಾಲ ಸುಳ್ಳು ಹೇಳಿದ" ಎಂದ. ಪುಟ ತೆಗೆದು ನೋಡಿದೆವು. ಅವನೇ ಸರಿ. ಅಂದು ಸಂಜೆ ಮತ್ತೆ ಶ್ಯಾವಿಗೆ ಪಾಯಸ ಮಾಡಿದೆ.

ನಿವೃತ್ತಿಗೆ ಸ್ವಲ್ಪ ಮೊದಲು, ಎರಡು ಸಾವಿರದ ಈಚೆಗೆ, ಬಸವನ ಬಾಗೇವಾಡಿಯಲ್ಲಿ ಹೈಸ್ಕೂಲಿನ ಇಂಗ್ಲಿಷ್ ಶಿಕ್ಷಕರಿಗೆ ಒಂದು ತರಬೇತಿ ಇತ್ತು. ಉಪನ್ಯಾಸಕ್ಕೆ ಹೋಗಿದ್ದೆ. ಊಟದ ಹೊತ್ತಿಗೆ ಕುಂಕುಮಗೆಂಪು ಸೀರೆಯ ಹೆಂಗಸೊಬ್ಬಳು ಬಂದು ನಿಂತಳು. ತಲೆಯೆತ್ತಿ ನೋಡಿದ ರೀತಿಯಿಂದ ಗುರುತು ಹಿಡಿದೆ.

"ನಮ್ಮ ಸಾಲಿ ಬಾಜೂಕ ಐತ್ರಿ ಮೇಡಂ. ಬರ್ರಿ, ನಮ್ಮ ಹುಡುಗ್ರನ್ನ ನೋಡ್ರಿ."

ಹೋದೆ. ದಾರಿಯಲ್ಲಿ ಅಂಜುತ್ತಲೇ ಕೇಳಿದೆ, "ನೀನು ನೋಟ್ಸ್ ಬರಸ್ತಿಯೇನು ನೀಲಮ್ಮ?"

"ಬರಸ್ತೇನ್ರಿ. ಸುಳ್ಳ ಯಾಕ ಹೇಳ್ಲಿ? ಬರಸದಿದ್ರ ಈ ಹುಡುಗ್ರು ಪೇಪರಿನ್ಯಾಗ ತಮ್ಮ ಹೆಸರು ಬರದು ಎದ್ದು ಬರ್ತಾವ. ಆದ್ರ ಕಡೀ ಪ್ಯಾರಾ ಖಾಲಿ ಬಿಡಸ್ತೇನಿ. ಅದನ್ನ ಪುಸ್ತಕ ಓದಿ ಅವ್ರ ತುಂಬಬೇಕು. ಒಬ್ಬರದು ಇನ್ನೊಬ್ಬರ ಹಂಗ ಇದ್ರ ಇಬ್ಬರಿಗೂ ಸೊನ್ನಿ."

ನನ್ನನ್ನು ಕ್ಷಮಿಸಿದೆಯಾ ಎಂದು ಕೇಳಬೇಕೆಂದು ಎಷ್ಟೋ ವರ್ಷಗಳಿಂದ ಮಾತು ಕೂಡಿಸಿಟ್ಟುಕೊಂಡಿದ್ದೆ. ಅವಳು ಕ್ಲಾಸಿನ ಬಾಗಿಲು ತೆರೆದಳು. ಹುಡುಗಿಯರು ಎದ್ದು ನಿಂತರು. "ಇವ್ರು ನಮ್ಮ ಮೇಡಂ. ನನಗ ಇಂಗ್ಲಿಷ್ ಕಲಿಸ್ಯಾರ" ಎಂದಳು. ಅದರ ಮುಂದೆ ಒಂದು ಮಾತೂ ಸೇರಿಸಲಿಲ್ಲ. ಯಾರೋ ಕರೆದರೆಂದು ಬಾಗಿಲಿನತ್ತ ಹೋದಳು.

ಮುಂದಿನ ಬೆಂಚಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ನೋಟ್‌ಬುಕ್ ಹಿಡಿದು ನನ್ನ ಹತ್ತಿರ ಬಂದಳು. ಪುಟದ ತುಂಬ ಅಚ್ಚುಕಟ್ಟಾದ ಅಕ್ಷರ, ಕೆಳಗೆ ಅರ್ಧ ಗೇಣು ಖಾಲಿ.

"ಮೇಡಂ, ಇಲ್ಲಿ ಏನ ಬರೀಬೇಕ್ರಿ?"

ಅದು ನನಗೆ ಗೊತ್ತಿದ್ದ ಪಾಠ. ಬಾಯಿಗೆ ವಾಕ್ಯ ಬಂದೇಬಿಟ್ಟಿತ್ತು, ಒಳ್ಳೆಯ ವಾಕ್ಯ, ಕಾಮಾ ಸಮೇತ. ಹುಡುಗಿ ಪೆನ್ನಿನ ಟೋಪಿ ತೆಗೆದು ಕಾಯುತ್ತಿದ್ದಳು.

ಬಾಗಿಲಿನಿಂದ ನೀಲಮ್ಮ ನಕ್ಕಳು.

"ಹೇಳಬ್ಯಾಡ್ರಿ ಮೇಡಂ, ಹೇಳಬ್ಯಾಡ್ರಿ. ಆಕಿ ಓದ್ಲಿ."